ತೂತು ಕೈ

ನಮ್ಮ ಜಿಲ್ಲೆಯ ತಂಡ ಗೆಲ್ಲುವುದನ್ನು ನೋಡಲು ನಾನು ಮೈದಾನಕ್ಕೆ ಹೋಗುವುದಿಲ್ಲ. ಹಾಗೆ ಹೋಗುವವನಾಗಿದ್ದರೆ ಎಂದೋ ಬಿಟ್ಟಿರುತ್ತಿದ್ದೆ. ಐರ್ಲೆಂಡಿನ ಉಳಿದವರಿಗೆ ನಮ್ಮ ಜಿಲ್ಲೆ ನೆನಪಾಗುವುದು ಹವಾಮಾನ ವರದಿಯಲ್ಲಿ ಮಾತ್ರ. ಗೇಲಿಕ್ ಫುಟ್ಬಾಲಿನಲ್ಲಂತೂ ದೊಡ್ಡ ಜಿಲ್ಲೆಗಳು ನಮ್ಮನ್ನು ಸೋಲಿಸಿ ಕೈಕಾಲು ಸಡಿಲ ಮಾಡಿಕೊಂಡು ಮುಂದಿನ ಸುತ್ತಿಗೆ ಹೋಗುತ್ತವೆ. ಆದರೂ ಇಪ್ಪತ್ತಾರು ವರ್ಷದಿಂದ ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಆ ಇಪ್ಪತ್ತಾರು ವರ್ಷವೂ ನನ್ನ ವ್ಯಾನಿನ ಪಕ್ಕದ ಸೀಟಿನಲ್ಲಿ ಕೂತಿದ್ದವನು ಫೀಲಿಮ್ ರೆಹಿಲ್.

ಫೀಲಿಮ್ ನನ್ನ ನೆರೆಯವನು. ನಾನು ಜೆಸಿಬಿಯಲ್ಲಿ ಚರಂಡಿ ತೋಡುತ್ತೇನೆ, ಅವನು ಹಸು ಸಾಕುತ್ತಾನೆ. ಮೊಟ್ಟೆಯ ಸ್ಯಾಂಡ್‌ವಿಚ್ಚು ಅವನದು, ಡೀಸೆಲ್ಲು ನನ್ನದು, ಕೂಗಾಟವೂ ನನ್ನದೇ. ಅವನು ಮೈದಾನದಲ್ಲಿ ಬಾಯಿ ಬಿಡುವುದಿಲ್ಲ. ಅದಕ್ಕೆ ಕಾರಣವಿದೆ. ಪ್ರಾಯದಲ್ಲಿ ಅವನೂ ಜಿಲ್ಲೆಗೆ ಗೋಲಿಯಾಗಿ, ಅಂದರೆ ಬಲೆ ಕಾಯುವವನಾಗಿ ಆಡಿದ್ದ, ಒಂದೇ ಒಂದು ಪಂದ್ಯ. ಕೊನೆಯ ನಿಮಿಷದಲ್ಲಿ ಚೆಂಡು ಅವನ ಕೈಯಿಂದ ಜಾರಿ ಬಲೆಗೆ ಬಿತ್ತು, ನಾವು ಸೋತೆವು. ತಂಡದ ಬಸ್ಸು ಹತ್ತದೆ ಅವನು ಮಳೆಯಲ್ಲಿ ನಡೆದು ಹೊರಟಿದ್ದ. ನಾನು ಗಾಡಿ ನಿಲ್ಲಿಸಿ ಹತ್ತಿಸಿಕೊಂಡೆ. ಮನೆ ಸೇರುವವರೆಗೂ ಇಬ್ಬರೂ ಮಾತಾಡಲಿಲ್ಲ. ಸ್ನೇಹ ಶುರುವಾದದ್ದು ಅಲ್ಲಿಂದ. ಆ ಚೆಂಡಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಅವನ ಮಗ ಫಿಂಟನ್ ನಮ್ಮ ಗೋಲಿ. ಎರಡು ವರ್ಷದಿಂದ ಚೆನ್ನಾಗಿಯೇ ಆಡುತ್ತಿದ್ದ.

ನಮ್ಮಲ್ಲೊಂದು ಕಟ್ಟಳೆ ಇದೆ. ಆಟಗಾರನನ್ನು ಬೈಯುವ ಮುಂಚೆ ಹಿಂದೆ ಮುಂದೆ ತಿರುಗಿ ನೋಡಬೇಕು. ಅವನ ತಾಯಿ ಮುಂದಿನ ಸಾಲಿನಲ್ಲೇ ಇರಬಹುದು. ಇವರೇನು ಬಾಡಿಗೆಗೆ ತಂದ ಆಟಗಾರರಲ್ಲ, ಇವರಿಗೆ ಸಂಬಳವೂ ಇಲ್ಲ. ಭಾನುವಾರ ನಮಗಾಗಿ ಒದೆ ತಿಂದು, ಸೋಮವಾರ ನಮ್ಮ ಹಸುವಿಗೆ ಸೂಜಿ ಹಾಕಲು, ನಮ್ಮ ಮಕ್ಕಳಿಗೆ ಪಾಠ ಹೇಳಲು ಬರುತ್ತಾರೆ. ಈ ಕಟ್ಟಳೆ ಮೂರು ವರ್ಷದ ಮಗುವಿಗೂ ಗೊತ್ತು. ನನಗೂ ಗೊತ್ತಿತ್ತು.

ಮೇ ತಿಂಗಳ ಆ ಪಂದ್ಯ ಪಕ್ಕದ ಜಿಲ್ಲೆಯ ಮೇಲೆ, ಅವರದೇ ಮೈದಾನದಲ್ಲಿ. ಮಗ ಟಿಕೆಟ್ ಕೊಟ್ಟಿದ್ದರಿಂದ ಫೀಲಿಮ್ ಎದುರು ಬದಿಯಲ್ಲಿ, ಆಟಗಾರರ ಮನೆಯವರ ಜೊತೆ ಕೂತಿದ್ದ. ನಾನು ಗೋಲಿನ ಹಿಂದಿನ ಮೆಟ್ಟಿಲಲ್ಲಿ ನಿಂತಿದ್ದೆ. ನಂಬಿದರೆ ನಂಬಿ, ನಾವು ಎರಡು ಅಂಕ ಮುಂದಿದ್ದೆವು. ಇನ್ನು ಎರಡೇ ನಿಮಿಷ. ಹದಿನೇಳು ವರ್ಷದ ನಂತರ ಅವರನ್ನು ಸೋಲಿಸುವ ಭಾಗ್ಯ.

ಆಗ ಅವರು ಸುಮ್ಮನೆ ಎತ್ತಿ ಹೊಡೆದ ಒಂದು ಚೆಂಡು ಫಿಂಟನ್ನನ ಮೇಲೆ ಬಂತು. ನನ್ನ ಅಜ್ಜಿ ಕೂಡ ಹಿಡಿಯುತ್ತಿದ್ದಳು. ಅವನು ಎರಡೂ ಕೈ ಎತ್ತಿ ಹಿಡಿದ, ಹಿಡಿದು ಬಿಟ್ಟ. ಚೆಂಡು ಅವನ ಭುಜಕ್ಕೆ ತಾಗಿ ಗೆರೆ ದಾಟಿತು. ನಮ್ಮ ಆಟದಲ್ಲಿ ಒಂದು ಗೋಲು ಅಂದರೆ ಮೂರು ಅಂಕ. ಮುಗಿಯಿತು.

ಮೈದಾನದ ನಮ್ಮ ಬದಿ ಸ್ತಬ್ಧವಾಯಿತು. ಆ ಮೌನದಲ್ಲಿ ನಾನು ಕಿರುಚಿದೆ:

"ರೆಹಿಲ್‌ಗಳ ಕೈಯಲ್ಲಿ ಏನ್ರೋ ನಿಂತಿದೆ! ಅಪ್ಪನೂ ಅಷ್ಟೇ, ಮಗನೂ ಅಷ್ಟೇ! ಆ ತೂತು ಕೈಗಳನ್ನ ಮನೆಗೆ ಕಳಿಸ್ರೋ!"

ಸುತ್ತಲಿನ ಜನ ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದರು. ತಿರುಗಿದೆ. ಎರಡು ಮೆಟ್ಟಿಲು ಮೇಲೆ ಫೀಲಿಮ್ ನಿಂತಿದ್ದ. ಆಟಗಾರರ ಮನೆಯವರ ನಡುವೆ ಕೂರಲಾಗದೆ, ಕೊನೆಯ ನಿಮಿಷಗಳನ್ನು ನನ್ನ ಜೊತೆ ನೋಡೋಣ ಎಂದು ಎದ್ದು ಬಂದಿದ್ದ. ಎರಡು ಕೈಯಲ್ಲೂ ಟೀ ಲೋಟ. ಒಂದನ್ನು ನನ್ನ ಕಾಲ ಬಳಿ ಚೆಲ್ಲದ ಹಾಗೆ ಇಟ್ಟು, ಇಳಿದು ಹೋದ. ಅವತ್ತು ನನ್ನ ವ್ಯಾನಿನಲ್ಲಿ ಊರಿಗೆ ಬಂದವನು ನಾನೊಬ್ಬನೇ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಫಿಂಟನ್ ನಮ್ಮ ಅಂಗಳಕ್ಕೆ ಬಂದ. ಅವನದು ಎಲೆಕ್ಟ್ರಿಕ್ ಕೆಲಸ. ಜೆಸಿಬಿ ನಿಲ್ಲಿಸುವ ಶೆಡ್ಡಿಗೆ ದೀಪ ಹಾಕಿಕೊಡುತ್ತೇನೆಂದು ಹಿಂದಿನ ವಾರವೇ ಹೇಳಿದ್ದ. ಬರುತ್ತಾನೆಂದು ನಾನು ಎಣಿಸಿರಲಿಲ್ಲ.

"ಬಂದ್ಯಾ?" ಅಂದೆ.

"ಸೋಮವಾರ ಅಂದಿದ್ದೆನಲ್ಲ," ಅಂದು ಏಣಿ ಹತ್ತಿದ.

ನಾನು ಏಣಿ ಹಿಡಿದು ನಿಂತೆ. ಅವನು ತಂತಿ ಎಳೆದಾದ ಮೇಲೆ, "ನಿನ್ನೆ ಒಂದು ಮಾತು ಬಾಯಿ ತಪ್ಪಿ ಬಂತು ಕಣಪ್ಪ," ಅಂದೆ.

"ಕೇಳಿಸ್ತು."

"ಅಷ್ಟು ಗಲಾಟೆಯಲ್ಲೂ?"

"ಗಲಾಟೆ ಎಲ್ಲಿತ್ತು? ನಿಮ್ಮದೊಂದೇ ಗಂಟಲು. ಗೋಲಿಗೆ ಇನ್ನೇನು ಕೆಲಸ ಯೂಜೀನ್, ನಿಂತ್ಕೊಂಡು ಕೇಳೋದೇ. ಆ ಮೆಟ್ಟಿಲ ಮೇಲೆ ಯಾರು ಕೆಮ್ಮಿದ್ರೂ ಹೆಸರು ಹೇಳ್ತೀನಿ." ಸ್ಕ್ರೂ ಬಿಗಿಗೊಳಿಸಿದ. "ನನ್ನ ಬೈದಿದ್ದಕ್ಕೆ ಏನೂ ಇಲ್ಲ. ಬಿಟ್ಟಿದ್ದು ನಾನೇ. ಅಪ್ಪಂದು ಗೊತ್ತಿರ್ಲಿಲ್ಲ."

"ಏನು ಗೊತ್ತಿರ್ಲಿಲ್ಲ?"

"ಆಡಿದ್ದು ಗೊತ್ತಿತ್ತು. ಮೊಣಕಾಲು ಕೆಟ್ಟು ಬಿಟ್ಟೆ ಅಂತಿದ್ರು. ನಿನ್ನೆ ಮನೆಗೆ ಹೋಗಿ ಕೇಳಿದೆ. ಎದ್ದು ಹಸು ನೋಡೋಕೆ ಹೋದ್ರು."

ಊರಿಗೆ ಊರೇ ಇಪ್ಪತ್ತಾರು ವರ್ಷ ಬಾಯಿ ಮುಚ್ಚಿಕೊಂಡಿತ್ತು. ಅದು ನನಗೆ ಆಗ ತಿಳಿಯಿತು.

ಏಣಿ ಇಳಿದು, ದೀಪ ಹಾಕಿ ತೋರಿಸಿ, ಅವನು ಅಂದ: "ನಾನಿನ್ನು ಆಡಲ್ಲ. ಮ್ಯಾನೇಜರಿಗೆ ಹೇಳಾಯ್ತು. ನಾನು ಅಲ್ಲಿ ನಿಂತಾಗೆಲ್ಲ ಅಪ್ಪ ಏನು ನೋಡ್ತಿದ್ರು ಅಂತ ಈಗ ಗೊತ್ತಾಯ್ತಲ್ಲ. ಇನ್ನು ನಿಲ್ಲೋಕಾಗಲ್ಲ."

ನನಗೆ ಮೊದಲು ಬಂದ ಯೋಚನೆ ಯಾವುದೆಂದು ಮುಚ್ಚಿಡುವುದಿಲ್ಲ. ಸೋತವರಿಗೆ ಇನ್ನೊಂದು ಅವಕಾಶದ ಪಂದ್ಯ ಮುಂದಿನ ಭಾನುವಾರವೇ ಇತ್ತು. ಎರಡನೇ ಗೋಲಿ ಮಣಿಕಟ್ಟು ಮುರಿದುಕೊಂಡು ಮನೆಯಲ್ಲಿದ್ದ. ಬಲೆಯ ಮುಂದೆ ಯಾರು ನಿಲ್ಲುತ್ತಾರೆ? ಫೀಲಿಮ್‌ನ ಯೋಚನೆ ಬಂದದ್ದು ಆಮೇಲೆ.

ಗುರುವಾರದವರೆಗೆ ತಡೆದೆ. ಕೊನೆಗೆ ಕೆಲಸ ಬಿಟ್ಟು, ಕೆಸರು ಬೂಟಿನಲ್ಲೇ ರೆಹಿಲ್ ಮನೆಗೆ ಹೋದೆ. ಫೀಲಿಮ್‌ನ ಹೆಂಡತಿ ಡಿಂಪ್ನಾ ಬಾಗಿಲು ತೆಗೆದಳು.

"ಬನ್ನಿ. ಕೂಗೋದಿದ್ರೆ ಹೊರಗೇ ಕೂಗಿ, ಒಳಗೆ ಪಿಂಗಾಣಿ ಪಾತ್ರೆ ಇದೆ," ಅಂದಳು.

ಫೀಲಿಮ್ ಮೇಜಿನ ಮುಂದೆ ಕೂತಿದ್ದ. ಕುರ್ಚಿ ತೋರಿಸಿದ. ಡಿಂಪ್ನಾ ಟೀ ಕೊಟ್ಟಳು, ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಆ ಮರ್ಯಾದೆಯ ಬದಲು ಕಪಾಳಕ್ಕೆ ಹೊಡೆದಿದ್ದರೆ ವಾಸಿಯಾಗಿತ್ತು.

"ನನ್ನದು ತಪ್ಪಾಯ್ತು ಕಣೋ ಫೀಲಿಮ್," ಅಂದೆ.

"ಆಯ್ತು."

"ನೀನು ಆ ಕಡೆ ಇದ್ದೀಯ ಅಂದ್ಕೊಂಡಿದ್ದೆ."

"ಹಾಗಾದ್ರೆ ನಾನಿಲ್ದೇ ಇದ್ರೆ ಅನ್ಬಹುದು?"

ಟೀ ಕುಡಿದೆ. ಅವನೇ ಮುಂದುವರಿಸಿದ.

"ಅವತ್ತು ಮಳೇಲಿ ಹತ್ತಿಸ್ಕೊಂಡ್ಯಲ್ಲ, ಒಂದು ಮಾತೂ ಆಡ್ಲಿಲ್ಲ ನೀನು. ಎಂಥಾ ಒಳ್ಳೇ ಮನುಷ್ಯ ಅಂದ್ಕೊಂಡೆ. ಈಗ ನೋಡಿದ್ರೆ ಅವತ್ತೂ ಒಳಗೊಳಗೇ ಬೈತಿದ್ದೆ ಅಂತಾಯ್ತು."

ಇಲ್ಲ ಅನ್ನಲು ಬಾಯಿ ತೆರೆದೆ. ಆದರೆ ಅವತ್ತು ನಾನು ಬೈಯುತ್ತಲೇ ಇದ್ದೆ. ಸ್ಟೀರಿಂಗ್ ಹಿಡಿದು ಮೂವತ್ತು ಮೈಲಿ ಉದ್ದಕ್ಕೂ ಮನಸ್ಸಿನಲ್ಲೇ ಬೈದಿದ್ದೆ.

ಅಲ್ಲಿಗೆ ಎದ್ದು ಬರಬೇಕಿತ್ತು. ನಾನು ಬರಲಿಲ್ಲ. "ಹೋಗ್ಲಿ, ಫಿಂಟನ್‌ಗೆ ಒಂದು ಮಾತು ಹೇಳು. ಭಾನುವಾರ ಒಂದು ದಿನ ನಿಲ್ಲಲಿ. ಬೇರೆ ಯಾರೂ ಇಲ್ಲ ಕಣೋ," ಅಂದುಬಿಟ್ಟೆ.

ಡಿಂಪ್ನಾ ಕೈಯಲ್ಲಿದ್ದ ಚಾಕುವನ್ನು ಮೇಜಿನ ಮೇಲಿಟ್ಟಳು. ಫೀಲಿಮ್ ಮೊದಲ ಸಲ ನನ್ನ ಮುಖ ನೋಡಿದ.

"ನೀನು ತಪ್ಪಾಯ್ತು ಅನ್ನೋಕೆ ಬಂದ್ಯೋ, ಗೋಲಿ ಕೇಳೋಕೆ ಬಂದ್ಯೋ?"

ನನಗೆ ರೇಗಿತು. "ಎರಡಕ್ಕೂ! ತಂಡ ನಿಂಗೂ ಬೇಕಲ್ವೇನೋ? ಇಪ್ಪತ್ತಾರು ವರ್ಷ ಯಾಕೆ ಬಂದೆ ಹಾಗಾದ್ರೆ ನನ್ನ ಜೊತೆ?"

"ನಿನ್ನ ಜೊತೆ ಅಂತ ಬಂದೆ," ಅಂದ ಫೀಲಿಮ್. "ಆ ಬಲೆ ಕಂಡ್ರೆ ನಂಗೆ ಇವತ್ತಿಗೂ ಆ ಚೆಂಡೇ ಕಾಣ್ತದೆ."

ನಾನು ಬಾಗಿಲು ತೆಗೆದು ಹೊರಬಂದೆ. ಯಾರೂ ಕರೆಯಲಿಲ್ಲ.

ಭಾನುವಾರ ಪಂದ್ಯಕ್ಕೆ ಹೋದೆ. ಹೋಗದೆ ಇರುವುದು ನನಗೆ ಬರುವುದಿಲ್ಲ. ಎಂದೂ ಆ ಜಾಗದಲ್ಲಿ ನಿಲ್ಲದ ಒಬ್ಬ ಉದ್ದನೆಯವನನ್ನು ಗೋಲಿ ಮಾಡಿ ನಿಲ್ಲಿಸಿದ್ದರು. ಐದು ಗೋಲು ಬಿಟ್ಟ. ಪ್ರತಿ ಸಲವೂ ಜನ ನನ್ನ ಕಡೆ ತಿರುಗಿ ಕಾದರು. "ಏನ್ ಯೂಜೀನ್, ಗಂಟಲು ಕಟ್ತಾ?" ಅಂದ ಒಬ್ಬ. ಅವನ ಮೇಲೆ ಕೈ ಎತ್ತುವವನಿದ್ದೆ, ಎತ್ತಲಿಲ್ಲ. ಹತ್ತೊಂಬತ್ತು ಅಂಕದಿಂದ ಸೋತೆವು.

ಸಂಜೆ ಬಿಸಿಲಿರುವಾಗಲೇ ಊರು ಸೇರಿದೆ. ರೆಹಿಲ್ ಮನೆಯ ತಿರುವಿನಲ್ಲಿ ಅಪ್ಪ ಮಗ ಇಬ್ಬರೂ ಬೇಲಿಗೆ ತಂತಿ ಕಟ್ಟುತ್ತಿದ್ದರು. ವ್ಯಾನ್ ನಿಧಾನ ಮಾಡಿ ಕಿಟಕಿ ಇಳಿಸಿದೆ. ಯಾವ ಪಂದ್ಯ ತಪ್ಪಿದರೂ ಮೊದಲು 'ಎಷ್ಟಾಯ್ತು?' ಎಂದು ಕೇಳುವುದು ನಮ್ಮ ಕಡೆಯ ವಾಡಿಕೆ. ಆಗದವರೂ ಕೇಳುತ್ತಾರೆ.

ಫೀಲಿಮ್ ತಲೆ ಎತ್ತಿದ. ದಾರಿಯಲ್ಲಿ ಹೋಗುವ ಯಾವ ಅಪರಿಚಿತನಿಗಾದರೂ ಎತ್ತುವ ಹಾಗೆ ನಮಸ್ಕಾರದ ಒಂದು ಬೆರಳು ಎತ್ತಿ, ಮತ್ತೆ ತಂತಿಯ ಕಡೆ ಬಗ್ಗಿದ. ಹಿಂದೆ ಯಾರದೋ ಕಾರು ಹಾರ್ನ್ ಹೊಡೆಯಿತು. ನಾನು ಮುಂದೆ ಹೋದೆ.