ಹೆಚ್ಚು ಹೊತ್ತು ನೆನೆದ ಸ್ಲೈಡು

ನಮ್ಮ ಮಾವ ಆಸ್ಪತ್ರೆಯ ಲ್ಯಾಬಿನಲ್ಲಿ ಮಲೇರಿಯಾ ಹುಡುಕುವವರು. ರಕ್ತದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ನೇರಳೆ ಬಣ್ಣದಲ್ಲಿ ನೆನೆಸಿ, ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ಕೂತರೆಂದರೆ ಊಟಕ್ಕೆ ಕರೆದರೂ ಕಿವಿಗೆ ಬೀಳದು. ನಾನು ಅವರ ಸೊಸೆ, ಕಂಪ್ಯೂಟರಿನವಳು. ಸ್ಲೈಡಿನ ಫೋಟೋ ತೆಗೆದು ರೋಗಾಣು ಇದೆಯೋ ಇಲ್ಲವೋ ಹೇಳುವ ಯಂತ್ರವೊಂದನ್ನು ಕಟ್ಟಿದೆ. ಅದಕ್ಕೆ ಪಾಠ ಹೇಳಲು ಮಾವ ತಾವು ಮಾಡಿದ ಸ್ಲೈಡುಗಳನ್ನೆಲ್ಲ ಕೊಟ್ಟರು. "ನನ್ನ ಅನ್ನಕ್ಕೆ ಹಾಕೋ ಕಲ್ಲನ್ನ ನಾನೇ ಆರಿಸಿಕೊಡ್ತಿದೀನಿ ನೋಡಿ" ಎಂದು ಮನೆಯಲ್ಲೆಲ್ಲ ಸಾರಿಕೊಂಡು ನಕ್ಕರು.

ಯಂತ್ರದ ಪರೀಕ್ಷೆಯ ದಿನ ನನಗೇ ಚಳಿಜ್ವರ. ಯಂತ್ರ ತಪ್ಪದಿದ್ದರೆ ಲ್ಯಾಬಿನಲ್ಲೇ ಉಳಿಯುತ್ತದೆ, ತಪ್ಪಿದರೆ ಪೆಟ್ಟಿಗೆ ಕಟ್ಟಬೇಕು ಎಂದು ಲ್ಯಾಬಿನ ಮೇಲಧಿಕಾರಿ ಡಾಕ್ಟರಮ್ಮ ಮೊದಲೇ ಹೇಳಿ, ಎದುರಿಗೇ ಕುರ್ಚಿ ಎಳೆದು ಕೂತಿದ್ದರು. ಬೆಳಗಿನಿಂದ ಯಂತ್ರ ಮಾವ ಹೇಳಿದ್ದನ್ನೇ ಹೇಳುತ್ತ ಬಂತು. ನಾನು ಒಳಗೊಳಗೇ ಉಬ್ಬಿಹೋದೆ.

"ಹೀಗೆ ನಡುಗ್ತಿದೀಯಲ್ಲಮ್ಮ, ನಿನ್ನ ರಕ್ತಾನೂ ನೋಡೇಬಿಡೋಣ" ಎಂದು ಮಾವ ನನ್ನ ಬೆರಳು ಚುಚ್ಚಿದರು. ಹಾಗಾಗಿ ಕೊನೆಯ ಸ್ಲೈಡು ನನ್ನದೇ ಆಯಿತು.

ಮಲೇರಿಯಾ ಇದೆ ಎಂದಿತು ಯಂತ್ರ.

ಮಾವ ಮೈಕ್ರೋಸ್ಕೋಪಿಗೆ ಬಗ್ಗಿದರು. ಸ್ಲೈಡನ್ನು ಅತ್ತ ಸರಿಸಿ ನೋಡಿದರು, ಇತ್ತ ಸರಿಸಿ ನೋಡಿದರು. ದೇವರೇ, ನನಗೆ ಮಲೇರಿಯಾ ಇರಲಪ್ಪ ಎಂದು ನಾನು ಬೇಡಿಕೊಂಡೆ. ಅಂಥದ್ದನ್ನು ಯಾರಾದರೂ ಬೇಡುತ್ತಾರೆಯೇ!

"ಇಲ್ಲ. ಒಂದೂ ಇಲ್ಲ" ಎಂದರು ಮಾವ.

ನನಗೆ ಸಿಟ್ಟು ನೆತ್ತಿಗೇರಿತು. "ಬೆಳಗ್ಗೆಯಿಂದ ಇಲ್ಲದ ತಪ್ಪು ಈಗೆಲ್ಲಿಂದ ಬಂತು ಮಾವ? ನನ್ನ ಸ್ಲೈಡಿಗೆ ಏನು ಮಾಡಿದ್ರಿ?"

ಮಾವ ತಲೆ ಕೆರೆದುಕೊಂಡರು. "ಏನಿಲ್ಲಮ್ಮ. ಬಣ್ಣದಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಬಿಟ್ಟೆ. ಮಲೇರಿಯಾನೇ ಅಂತ ಅನುಮಾನ ಬಂದವರದ್ದನ್ನ ಯಾವಾಗ್ಲೂ ಹಾಗೇ ಬಿಡ್ತೀನಿ, ಕಣ್ತಪ್ಪಿ ಹೋಗಬಾರ್ದಲ್ಲ. ನನ್ನ ಅನುಮಾನ ಸುಳ್ಳಾಗಿದ್ದು ಕಮ್ಮಿ. ಇವತ್ತು ಮನೆಯವಳು ಅಂತ ಹೆದರಿಬಿಟ್ಟೆ."

ಆಗ ನನಗೆ ಹೊಳೆಯಿತು. ನನ್ನ ಯಂತ್ರ ರೋಗಾಣುವಿನ ಗೊಡವೆಗೇ ಹೋಗಿರಲಿಲ್ಲ. ಬಣ್ಣ ಗಾಢವಾಗಿದ್ದರೆ ಮಲೇರಿಯಾ ಎಂದು ಕಲಿತು, ಇಷ್ಟು ದಿನ ಮಾವನ ಅನುಮಾನವನ್ನೇ ಕಾಪಿ ಹೊಡೆದು ಪಾಸಾಗುತ್ತಿತ್ತು!

ಅದನ್ನು ಹೇಳಿದ್ದೇ ತಡ, ಡಾಕ್ಟರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸದ್ಯಕ್ಕೆ ಪೆಟ್ಟಿಗೆ ಕಟ್ಟಿ. ನಿಮ್ಮ ಮಾವನ ಕೈಲಿ ಎಲ್ಲ ಸ್ಲೈಡನ್ನೂ ಒಂದೇ ಸಮ ನೆನೆಸಿ, ಹೊಸದಾಗಿ ಕಲಿಸಿ ತನ್ನಿ. ಮತ್ತೆ ನೋಡ್ತೀನಿ" ಎಂದರು.

ಪೆಟ್ಟಿಗೆಯ ಒಂದು ತುದಿ ನಾನು, ಇನ್ನೊಂದು ತುದಿ ಮಾವ ಹಿಡಿದು ಮೆಟ್ಟಿಲಿಳಿಯತೊಡಗಿದೆವು. ನನಗೆ ತಡೆಯಲಾಗಲಿಲ್ಲ. "ಇದೆ ಅಂದುಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಮಾವ?"

ಮಾವ ಅರ್ಧದಲ್ಲೇ ನಿಂತರು. "ಚೆನ್ನಾಗಿ ಹೇಳ್ದೆ! ಇಲ್ಲದ ಕಾಯಿಲೆಗೆ ಆ ಕಹಿ ಮಾತ್ರೆ ನುಂಗೋದ್ಯಾರು, ನಾನಾ?"

ಯಂತ್ರದ ಯೋಚನೆ ಅವರ ತಲೆಗೆ ಬಂದೇ ಇರಲಿಲ್ಲ. ನನ್ನ ಸಿಟ್ಟು ಜರ್ರನೆ ಇಳಿಯಿತು. ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು.

"ಮೆಲ್ಲಗೆ ಮಾವ, ಮೆಟ್ಟಿಲು" ಎಂದೆ.