ಏರಿನ ಮೇಲಿನ ನೀರುಕಂಡಿ

ಹೂವಿನ ವಿಮಾನ ಹೊತ್ತವರು ಕಾಂಪೌಂಡಿನ ತಿರುವಿನಲ್ಲಿ ನಿಂತುಬಿಟ್ಟರು. ಹಿಂದಿನವರು ಮುಂದಿನವರಿಗೆ ತಗುಲಿದರು. ಒಳಗೆ ಕೂರಿಸಿದ್ದ ಪರಮೇಶ್ವರಪ್ಪನವರ ಶವದ ತಲೆ ಒಮ್ಮೆ ಅಲುಗಿತು.

"ಯಾವ ಕಡಿಗ್ರಿ?" ಎಂದ ಮುಂದಿದ್ದವನು.

"ಮೇನ್ ಗೇಟಿಗೆ" ಎಂದರು ಎಂಜಿನಿಯರ್ ನಿರಂಜನ್. ವಿಮಾನದಡಿ ಅವರದೂ ಒಂದು ಹೆಗಲಿತ್ತು. ಪರಮೇಶ್ವರಪ್ಪ ವಿಶ್ವವಿದ್ಯಾಲಯದ ಆರ್ಕಿಟೆಕ್ಟ್. ಅವರು ಕಾಯಿಲೆ ಬಿದ್ದ ಮೇಲೆ ಕ್ಯಾಂಪಸ್ಸಿನ ಕೆಲಸವೆಲ್ಲ ನಿರಂಜನ್ ಕೈಗೆ ಬಂದಿತ್ತು.

"ಕಂಡಿಯಾಗ ಹೋದ್ರೆ ಹೊಲ ಇಲ್ಲೇ ಐತಲ್ರಿ" ಎಂದಳು ಕಾಳಕ್ಕ. ಕುರಿ ಕಾಯುವ ಈ ಮುದುಕಿ ಬೆಳಿಗ್ಗೆಯಿಂದ ಅಳುತ್ತಿದ್ದಳು. ಯಾಕೆಂದು ಪರಮೇಶ್ವರಪ್ಪನವರ ಮಗಳು ಪಲ್ಲವಿಗೂ ತಿಳಿದಿರಲಿಲ್ಲ.

ಸಮಾಧಿಗೆ ಕುಣಿ ತೋಡಿದ್ದು ಮದಕರಿಪುರದ ಹೊಲದಲ್ಲಿ. ಗೋಡೆಯ ಕಂಡಿಯಿಂದ ಹತ್ತು ನಿಮಿಷ, ಗೇಟು ಸುತ್ತಿದರೆ ಒಂದು ತಾಸು.

"ಅದನ್ನ ಇವತ್ತು ಮುಚ್ಚಿಸ್ತಾ ಇದೀವಮ್ಮ. ತಪ್ಪಾಗಿದೆ ಅಂತ ಸಾರೇ ಬರ್ಕೊಟ್ಟಿದಾರೆ" ಎಂದರು ನಿರಂಜನ್.

"ದುರ್ಗದೋರು ಒನಕೆ ಹಿಡ್ದು ಕಿಂಡಿ ಕಾಯದು ಕೇಳೀನಿ. ಮುಚ್ಚದು ಇವತ್ತೇ ನೋಡ್ತಿರದು" ಎಂದ ಹೊತ್ತವರಲ್ಲೊಬ್ಬ. ಯಾರೋ ನಕ್ಕು, ಕೆಮ್ಮಿದರು.

*

ವರ್ಷಗಳ ಹಿಂದೆ ಕ್ಯಾಂಪಸ್ಸಿನ ಗೋಡೆಗೆ ಸುಣ್ಣದ ಗೆರೆ ಎಳೆದ ದಿನ ಅದು ಕುರಿದಾರಿಯ ಮೇಲೆ ಬಿದ್ದಿತ್ತು. ತಲೆಮಾರುಗಳು ತುಳಿದು ಮಾಡಿದ ದಾರಿಯನ್ನು ವಿದ್ಯೆಯ ಹೆಸರಿನಲ್ಲಿ ನುಂಗಲು ಒಂದು ಸಭೆ, ಒಂದು ಸುತ್ತು ಚಹಾ ಸಾಕಾಗಿತ್ತು. ಆದರೆ ಗೋಡೆ ಎದ್ದಾಗ ಅಲ್ಲೊಂದು ಕಂಡಿ ಉಳಿದಿತ್ತು. ನಕ್ಷೆಯಲ್ಲಿ ಅದರ ಹೆಸರು 'ನೀರುಕಂಡಿ', ಮಳೆನೀರು ಹರಿದುಹೋಗಲು ಬಿಟ್ಟದ್ದು. ಇದ್ದದ್ದು ಏರಿನ ಮೇಲೆ; ಕಂಡಿಯ ಎತ್ತರವೋ ಆಳಿಗಿಂತ ಹೆಚ್ಚು.

"ನಿಮ್ಮ ನೀರು ಏರು ಹತ್ತತೈತೇನ್ರಿ?" ಎಂದು ಸಭೆ ನಕ್ಕಿತು. ಪರಮೇಶ್ವರಪ್ಪ ತಪ್ಪೊಪ್ಪಿಗೆ ಬರೆದುಕೊಟ್ಟರು. ಬಡ್ತಿ ಹೋಯಿತು. ವರ್ಷಾವರ್ಷಾ ಮುಚ್ಚಿಸುತ್ತೇನೆ ಎಂದರು, ಮುಚ್ಚಿಸಲಿಲ್ಲ.

ಶಾಲೆಯಲ್ಲಿ ಪಲ್ಲವಿ 'ನೀರು ಹತ್ತಿಸೋರ ಮಗಳು'. ಅತ್ತುಕೊಂಡು ಬಂದವಳಿಗೆ ಅಪ್ಪ ಹೇಳಿದ್ದು ಇಷ್ಟೇ: "ಲೆಕ್ಕ ತಪ್ಪೈತೆ ಕಣವ್ವ."

*

"ತಪ್ಪಂತೆ ತಪ್ಪು" ಎಂದಳು ಕಾಳಕ್ಕ. "ನನ್ನ ತಲಿ ಮ್ಯಾಲೆ ಸೊಪ್ಪಿನ ಹೊರೆ ಹೊರಿಸಿ, ಮೂರು ಸಲ ನಡೆಸಿ ಟೇಪು ಹಿಡಿದ ಪುಣ್ಯಾತ್ಮ. ಇಷ್ಟು ಸಾಕೇನವ್ವ ಅಂದ. ಕುರಿ ಒತ್ತರಿಸ್ತವೆ, ಇನ್ನೊಂದೀಟು ಬಿಡಪ್ಪ ಅಂದೆ. ಬಿಟ್ಟ."

ನಿರಂಜನ್ ದನಿ ತಗ್ಗಿಸಿದರು. "ಪಲ್ಲವಿ, ತಪ್ಪು ಅಂದ್ರೆ ಅಲ್ಲಿಗೆ ಮುಗೀತು. ಬೇಕಂತ ಬಿಟ್ಟಿದ್ದು ಅಂತಾದ್ರೆ ನಕ್ಷೆಯಲ್ಲಿ ಸುಳ್ಳು ಬರೆದರು ಅಂತಾಗತ್ತೆ. ಸಾರ್ ಹೆಸರು ಕೆಡತ್ತೆ. ಗೇಟಿಗೆ ಹೋಗಾಣ."

ಪಲ್ಲವಿ ವಿಭೂತಿ ಬಳಿದ ಮುಖ ನೋಡಿದಳು. ಇಷ್ಟು ವರ್ಷ ಹೆಡ್ಡ ಅಪ್ಪನಿಗಾಗಿ ತಲೆ ತಗ್ಗಿಸಿದ್ದಳು. ಈಗ ಸುಳ್ಳುಗಾರ ಅಪ್ಪ ಬಂದು ಕುಳಿತಿದ್ದ. ಕುರಿಯವರಿಗೆ ಹೇಳಿದ್ದನ್ನು ಮಗಳಿಗೆ ಯಾಕೆ ಹೇಳಲಿಲ್ಲ? ಸಿಟ್ಟೋ ಅಳುವೋ ತಿಳಿಯಲಿಲ್ಲ.

"ಕಂಡಿ ಕಡೆಗೇ ನಡೀರಿ" ಎಂದಳು. ದನಿ ಅವಳದೇ ಎಂದು ಅವಳಿಗೇ ಅನ್ನಿಸಲಿಲ್ಲ.

ಗಾರೆ ಕೆಲಸದ ಓಬಳೇಶ್ ಆಗಲೇ ಎರಡು ವರಸೆ ಇಟ್ಟಿಗೆ ಕಟ್ಟಿದ್ದ. ವಿಮಾನ ಕಂಡವನೇ ಹಸಿ ಗಾರೆಯ ಇಟ್ಟಿಗೆಗಳನ್ನು ಕಿತ್ತು ಬದಿಗೆಸೆದ. ಹೊತ್ತವರು ಅಡ್ಡಡ್ಡ ತಿರುಗಿ ಕಂಡಿಯೊಳಗೆ ನುಗ್ಗಿದರು. ನಿರಂಜನ್ ಕೆನ್ನೆ ಗೋಡೆಗೆ ಒತ್ತಿಕೊಂಡಿತ್ತು.

"ಸಾರ್, ಸಿಮೆಂಟ್ ಕಲಸಿಬಿಟ್ಟೀನಿ. ಏನ್ ಮಾಡ್ಲಿ?" ಎಂದು ಓಬಳೇಶ್ ಅವರನ್ನು ಕೇಳಿದ.

ಬಾಯಿಗೆ ಚೆಂಡುಹೂವಿನ ಹಾರ ಅಡ್ಡ ಬಂದು, ನಿರಂಜನ್ ಹೇಳಿದ್ದು ಕೇಳಿಸಲಿಲ್ಲ. ಬಾಂಡ್ಲಿಯಲ್ಲಿ ಚುಚ್ಚಿದ್ದ ಕರಣೆ ನೆಟ್ಟಗೆ ನಿಂತಿತ್ತು. ಬಿಸಿಲಿಗೆ ಸಿಮೆಂಟು ಅಂಚಿನಿಂದ ಬೆಳ್ಳಗಾಗುತ್ತ ಬರುತ್ತಿತ್ತು.