ಹನ್ನೊಂದಕ್ಕೆ ಹನ್ನೊಂದು

ಮೇಲಿನ ಎರಡು ಮೂಲೆಗಳಿಗೆ ಅಂಟು ಬಳಿದು, ಕಾಗದವನ್ನು ಕೋಟೆಯ ಎದುರಿನ ಗೋಡೆಗೆ ಅಂಗೈಯಿಂದ ಒತ್ತಿ ಹಿಡಿದಿದ್ದ ರಾಘವೇಂದ್ರ. ಗಾಳಿ ಕೆಳಗಿನ ಅಂಚನ್ನು ಎತ್ತಿ ಎತ್ತಿ ಅವನ ಮುಖಕ್ಕೆ ಬಡಿಯುತ್ತಿತ್ತು. ಹಿಂದಿನಿಂದ ಒಂದು ಕೈ ಬಂದು ಆ ಅಂಚನ್ನು ಹಿಡಿಯಿತು.

“ಹಚ್ರಿ ಮಾಸ್ತರ್ ಸಾಬ್, ನಾ ಹಿಡೀತೀನಿ.”

ತಿರುಗಿ ನೋಡಿದರೆ ಗುಲಾಮ್ ರಸೂಲ್, ಉರ್ದುವಿನಲ್ಲಿ ಪಾಠ ನಡೆಯುವ ಸರ್ಕಾರಿ ಹೈಸ್ಕೂಲಿನ ಗಣಿತದ ಮಾಸ್ತರರು. ಕಾಗದ ಅಚ್ಚಾಗಿದ್ದೇ ಅವರ ಶಾಲೆಯನ್ನು ಕೆಳಗಿಟ್ಟು ತೋರಿಸಲು. ಅದನ್ನು ಹಚ್ಚಲು ಅವರೇ ಕೈಜೋಡಿಸುತ್ತಿದ್ದರು. ಅವರು ಅಂಚು ಬಿಡದೆ, ನಿಧಾನವಾಗಿ, ಗಟ್ಟಿಯಾಗಿ ಓದಿದರು:

“ಈ ವರ್ಷ ಮ್ಯಾಟ್ರಿಕ್ ಪರೀಕ್ಷೆಗೆ ಕೂತು ಹೈದರಾಬಾದಿನ ಕಾಲೇಜಿಗೆ ಆಯ್ಕೆಯಾದವರು. ನಮ್ಮ ಖಾಸಗಿ ಹೈಸ್ಕೂಲು, ಹನ್ನೊಂದಕ್ಕೆ ಹನ್ನೊಂದು. ಸರ್ಕಾರಿ ಹೈಸ್ಕೂಲು, ಮೂವತ್ತೆಂಟಕ್ಕೆ ಹದಿನಾಲ್ಕು. ಪಾಲಕರು ತಾವೇ ತೂಗಿ ನೋಡಬೇಕು.”

ಬರೆದವನು ಖಾಸಗಿ ಹೈಸ್ಕೂಲಿನ ಮಾಸ್ತರ ರಾಘವೇಂದ್ರನೇ. ಕೊನೆಯ ಸಾಲಿಗೆ ಮೂರು ದಿನ ಹಿಡಿದಿತ್ತು.

“ಛಲೋ ಬರದೀರಿ,” ಅಂದರು ಗುಲಾಮ್ ರಸೂಲ್. “ಲೆಕ್ಕನೂ ಬರೋಬ್ಬರಿ ಅದ. ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೋದ ವರ್ಷ ನಿಮ್ಮ ಒಂಬತ್ತನೇ ಕ್ಲಾಸಿನಾಗ ಎಷ್ಟು ಪೋರರಿದ್ರು?”

“ಇಪ್ಪತ್ತು.”

“ಖೈರ್, ಇರಲಿ.” ಅವರು ಬೆರಳಿಗೆ ಹತ್ತಿದ ಅಂಟನ್ನು ಗೋಡೆಗೆ ಒರೆಸಿದರು. “ಕಮಲಾಪುರದ ಚಂದ್ರಶಾ ಗಣಿತದಾಗ ಇಡೀ ಸುಭಾಕ್ಕ, ಅಷ್ಟೂ ಜಿಲ್ಲಾಕ್ಕ, ಮೊದಲು ಬಂದಾನ. ನಮ್ಮ ಹದಿನಾಲ್ಕರಾಗ ಅವನೂ ಒಬ್ಬ. ನೆನಪದಾನೇನು?”

ನೆನಪಿತ್ತು. ಅವನಿಗೆ ಶಾಲೆ ಬಿಟ್ಟ ದಾಖಲೆ ಬರೆದುಕೊಟ್ಟದ್ದು ರಾಘವೇಂದ್ರನ ಕೈಯೇ. ಒಂಬತ್ತನೆಯ ತರಗತಿಯ ಕೊನೆಗೆ ಶಾಲೆ ತನ್ನದೇ ಒಂದು ಗಟ್ಟಿ ಪರೀಕ್ಷೆ ಇಡುತ್ತಿತ್ತು. ಅದರಲ್ಲಿ ಹಿಂದೆ ಬಿದ್ದವರನ್ನು ಮ್ಯಾಟ್ರಿಕ್ ತರಗತಿಗೆ ಹತ್ತಿಸುತ್ತಿರಲಿಲ್ಲ, ಅದೇ ತರಗತಿಯಲ್ಲಿ ಕೂರಿಸಿಕೊಳ್ಳುತ್ತಲೂ ಇರಲಿಲ್ಲ. ದಾಖಲೆ ಕೊಟ್ಟು ಕಳಿಸುವುದು ಪದ್ಧತಿ. ಚಂದ್ರಶಾ ಇಂಗ್ಲಿಷಿನಲ್ಲಿ ಬಿದ್ದಿದ್ದ.

ಹೆಡ್ ಮಾಸ್ತರ ಹಣಮಂತರಾಯರಿಗೆ ಸುದ್ದಿ ಮುಟ್ಟಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಐದನೇ ಕ್ಲಾಸಿನಿಂದ ಒಂಬತ್ತನೇದರ ತನಕ ನಮ್ಮಲ್ಲೇ ಕಲ್ತ ಹುಡುಗ. ಅವರಲ್ಲಿ ಒಂದೇ ವರ್ಷ. ಅಂದಮ್ಯಾಲೆ ಅವನು ಯಾರ ಹುಡುಗ ಅಂತೀ?”

“ನಮ್ಮವನೇ ಅನಬೇಕ್ರಿ,” ಎಂದ ರಾಘವೇಂದ್ರ. ಹಾಗೆ ಅನ್ನುವಾಗ ಅವನ ಎದೆ ನಿಜಕ್ಕೂ ಉಬ್ಬಿತು.

“ಹೈದರಾಬಾದಿನಾಗ ನಮ್ಮ ಸಾಲಿ ಮಂಡಳಿಯ ವಿದ್ಯಾರ್ಥಿ ನಿಲಯ ಅದ. ಎರಡು ವರ್ಷ ಊಟ, ವಸತಿ ಪುಕ್ಕಟೆ ಕೊಡೋಣು. ‘ನಾನು ಈ ಶಾಲೆಯ ವಿದ್ಯಾರ್ಥಿ’ ಅಂತ ಒಂದು ಕಾಗದಕ್ಕ ಸಹಿ ಹಾಕಲಿ. ಹನ್ನೆರಡಕ್ಕ ಹನ್ನೆರಡು ಅಂತ ಹೊಸಾದು ಅಚ್ಚು ಹಾಕಸೋಣು.” ರಾಯರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ನನ್ನನ್ನ ಹಂಗ ನೋಡಬ್ಯಾಡಪಾ. ಅವರಿಗೆ ಸರ್ಕಾರದ ಬೊಕ್ಕಸ ಅದ, ನಾವು ಮನಿ ಮನಿ ತಿರುಗಿ ಕಟ್ಟಿದ ಸಾಲಿ ಇದು. ಫಲಿತಾಂಶ ಇಳೀತಂದ್ರ ಮಂದಿ ಮಕ್ಕಳನ್ನ ಕಳಸೂದಿಲ್ಲ. ಸಾಲಿ ಮುಚ್ಚಿದ್ರ ಈ ಊರಾಗ ಮಕ್ಕಳಿಗೆ ಮನಿ ಮಾತು ಕನ್ನಡದಾಗ ಪಾಠ ಹೇಳವರು ಯಾರು?”

ಅದು ಸುಳ್ಳಲ್ಲ. ಮರುದಿನ ಬೆಳಿಗ್ಗೆ ರಾಘವೇಂದ್ರ ಹುಮನಾಬಾದ ರಸ್ತೆಯ ಮೋಟಾರು ಹತ್ತಿದ. ಒಬ್ಬ ಬಡ ಹುಡುಗನ ಬಾಗಿಲಿಗೆ ಕಾಲೇಜನ್ನೇ ಹೊತ್ತು ತರುತ್ತಿದ್ದೇನೆ ಅನ್ನುವ ಹುರುಪಿನಲ್ಲಿ ಅವನಿಗೆ ದಾರಿಯ ಧೂಳೂ ಹಿತವಾಗಿತ್ತು.

ಕಮಲಾಪುರದಲ್ಲಿ ಚಂದ್ರಶಾನ ಅಪ್ಪ ಮಾಳಿಂಗಪ್ಪನ ತೋಟ ಊರ ಪಕ್ಕದ ಬಾವಿಗೆ ಹೊಂದಿಕೊಂಡೇ ಇತ್ತು. ಕೆಂಪು ಬಾಳೆಯ ಗೊನೆಗಳು ನೆಲಕ್ಕೆ ಬಾಗಿದ್ದವು. ಗುಡಿಸಲಿನ ನೆರಳಲ್ಲಿ ತಾಯಿ ಬಂಡಮ್ಮ ಪೇಟೆಗೆ ಹೋಗುವ ಹಣ್ಣನ್ನು ಬುಟ್ಟಿಗೆ ಆರಿಸುತ್ತಿದ್ದಳು. ಅವಳ ಗಂಡ ಮಾಸ್ತರರನ್ನು ಕಂಡವನೇ ಮಗನಿಗೆ ಕೂಗು ಹಾಕಿ, ಕಂಬಳಿ ಝಾಡಿಸಿ ಹಾಸಿದ. ಚಂದ್ರಶಾ ಮೊಣಕಾಲತನಕ ಕೆಸರಿನಲ್ಲೇ ಬಂದು ನಮಸ್ಕಾರ ಮಾಡಿ ನಿಂತ.

ರಾಘವೇಂದ್ರ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಮಾಳಿಂಗಪ್ಪನ ಕಣ್ಣು ತುಂಬಿತ್ತು.

“ದೇವರು ಬಂದಂಗ ಬಂದ್ರಿ ಮಾಸ್ತರ. ಕಾಲೇಜ ಸುರು ಆಗಾಕ ಹತ್ತ ದಿನ ಅದ. ಆ ಊರಾಗ ನಮಗ ಒಂದು ನರಪಿಳ್ಳಿ ಗುರ್ತಿಲ್ಲ. ಪೋರ ಎಲ್ಲಿ ಮಕ್ಕೋಬೇಕು, ಏನ ಉಣ್ಣಬೇಕು ಅಂತ ನನಗ ನಿದ್ದಿ ಹತ್ತವಲ್ದು. ಈ ವರ್ಷ ಬ್ಯಾಡ, ಮುಂದಿನ ವರ್ಷ ನೋಡೂನು ಅನ್ನಾಕತ್ತಿದ್ದೆ.”

“ಮಾಸ್ತರ, ಒಂದು ಮಾತ್ರೀ,” ಎಂದಳು ಬಂಡಮ್ಮ, ಕೈಯ ಕೆಲಸ ನಿಲ್ಲಿಸದೆ. “ಆ ದಿನ ನಾನೂ ಬಂದಿದ್ದೆ ನಿಮ್ಮ ಸಾಲಿಗಿ. ಇನ್ನೊಂದು ವರ್ಷ ಅದೇ ಕ್ಲಾಸಿನಾಗ ಕುಂದರಸ್ರಿ ಅಂತ ಕೈ ಮುಗದೆ. ನೀವು ದಾಖಲೆ ಕೊಟ್ರಿ. ಅದರಾಗ ಏನ ಬರದಿದ್ರಿ?”

ರಾಘವೇಂದ್ರ ತಲೆ ತಗ್ಗಿಸಿ ಕಂಬಳಿಯ ಎಳೆ ಸರಿಪಡಿಸಿದ.

“ನನಗ ಓದಾಕ ಬರಂಗಿಲ್ಲ. ಮನಿಗಿ ಬಂದ ಮ್ಯಾಲೆ ಇವನೇ ಓದಿ ಹೇಳ್ದ. ‘ಮುಂದಿನ ಕಲಿಕೆಗೆ ತಕ್ಕವನಲ್ಲ’ ಅಂತ.”

“ಬಂಡಮ್ಮ, ಆದದ್ದು ಆತು, ನೀ ಸುಮ್ನಿರು,” ಎಂದ ಮಾಳಿಂಗಪ್ಪ.

“ಸುಮ್ನೇ ಅದೀನಿ. ಆ ಗುಲಾಮ್ ರಸೂಲ್ ಸಾಹೇಬ್ರು ಅದನ್ನ ಓದಿದ್ರು. ಓದಿ, ಮಡಚಿ ಕಿಸೇದಾಗ ಇಟ್ಕೊಂಡು, ‘ನಾಳಿಂದ ಬಾ’ ಅಂದ್ರು. ಅಷ್ಟೇ ಹೇಳಾಕತ್ತೀನಿ.” ಅವಳು ಮೆತ್ತಗಾದ ಒಂದು ಹಣ್ಣನ್ನು ಬದಿಗೆ ಸರಿಸಿದಳು. “ಹನ್ನೊಂದಕ್ಕ ಹನ್ನೊಂದು ಅಂತ ಬಜಾರದಾಗ ಎಲ್ಲಾರೂ ಅಂತಾರ. ಕಲಿ ಬಿದ್ದ ಹಣ್ಣು ಮೊದಲೇ ತಗದು ಒಗದ್ರ, ನನ್ನ ಬುಟ್ಟಿನೂ ಹಂಗೇ ಕಾಣ್ತದ ಮಾಸ್ತರ. ಇದು ಹಣ್ಣು, ನಡೀತದ.”

ರಾಘವೇಂದ್ರ ತಲೆ ಎತ್ತಿ ಹುಡುಗನನ್ನು ನೋಡಿದ. “ಉರ್ದುವಿನಾಗ ಗಣಿತ ಹೆಂಗ ಹಿಡದಿ?”

“ಮೊದಲಿಗಿ ತ್ರಿಕೋನಕ್ಕ ಮುಸಲ್ಲಸ್ ಅಂತಾರ ಅನ್ನೋದೂ ಗೊತ್ತಿರಲಿಲ್ರಿ. ಗುಲಾಮ್ ರಸೂಲ್ ಸಾಹೇಬ್ರು ದಿನಾ ಸಂಜಿಗಿ ಮನ್ಯಾಗ ಕುಂದರಸ್ಕೊಂಡು ಹೇಳ್ಕೊಟ್ರು. ನನಗೊಬ್ಬವಗ ಅಲ್ರಿ, ನಿಮ್ಮ ಕಡಿಂದ ಬಂದ ನಾಲ್ಕೂ ಮಂದಿಗಿ.”

“ನಾಲ್ಕು ಮಂದಿ?” ಒಂಬತ್ತು ದಾಖಲೆಗಳನ್ನು ಬರೆದದ್ದು ರಾಘವೇಂದ್ರನಿಗೆ ನೆನಪಿತ್ತು. “ಉಳಿದ ಐದು?”

“ಸಾಲಿ ಬಿಟ್ರು.” ಚಂದ್ರಶಾ ಪಾಠ ಒಪ್ಪಿಸುವಂತೆ ಹೇಳುತ್ತ ಹೋದ. “ಶರಣಸಿರಸಗಿ ಭಾಗಪ್ಪ ಬಂಡಿ ಹೊಡ್ಯಾಕತ್ಯಾನ. ಕೋಟನೂರ ಹುಸೇನ ಗಿರಣಿಗಿ ಹೋಗ್ತಾನ. ನಮ್ಮೂರ ಯಮನಮ್ಮನ ಮಗ ದನ ಕಾಯ್ತಾನ್ರಿ. ಇಬ್ರು ದುಡ್ಯಾಕ ಶೋಲಾಪುರಕ್ಕ ಹೋಗ್ಯಾರ. ಭಾಗಪ್ಪ ನನಕಿಂತ ಛಲೋ ಇದ್ದ. ಹಿಂದಿನ ಬೆಂಚಿನಾಗ ಕುಂದರ್ತಿದ್ದ. ನಿಮಗ ನೆನಪಿಲ್ಲೇನು?”

ರಾಘವೇಂದ್ರ ನೆನಪಿಸಿಕೊಳ್ಳಲು ನೋಡಿದ. ಹಿಂದಿನ ಬೆಂಚು ಕಣ್ಣಿಗೆ ಬಂತು, ಅದರ ಮೇಲೆ ಯಾರ ಮುಖವೂ ಮೂಡಲಿಲ್ಲ. ಊರ ಗೋಡೆಗಳ ಮೇಲೆ ತಾನು ಹಚ್ಚಿದ ಒಂದೊಂದು ಅಂಕಿಯೂ ಸರಿಯಾಗಿತ್ತು. ತಪ್ಪು ಅಚ್ಚಾಗಿರಲಿಲ್ಲ, ಅಚ್ಚಾಗದೆ ಉಳಿದದ್ದೇ ತಪ್ಪಾಗಿತ್ತು. ಮೂವತ್ತೆಂಟು ಅನ್ನುವ ಸಂಖ್ಯೆಯನ್ನು ಅವನು ನಗೆಪಾಟಲಿಗೆಂದು ದಪ್ಪಕ್ಷರದಲ್ಲಿ ಹಾಕಿಸಿದ್ದ. ಬಾಗಿಲಿಗೆ ಬಂದವರಲ್ಲಿ ಒಬ್ಬರನ್ನೂ ಹಿಂದೆ ಕಳಿಸದ ಶಾಲೆಯ ಸಂಖ್ಯೆ ಅದು ಎಂದು ಈಗ ಹೊಳೆಯಿತು.

ಅವನು ಕಿಸೆಯಿಂದ ತೆಗೆದಿದ್ದ ಸಹಿಯ ಕಾಗದವನ್ನು ಮಾಳಿಂಗಪ್ಪ ಎರಡೂ ಕೈಯಲ್ಲಿ ಹಿಡಿದು ಮಗನ ಮುಂದೆ ಚಾಚಿದ. “ತಮ್ಮಾ, ಒಂದು ಸಹಿ. ಎರಡು ವರ್ಷ ನನ್ನ ಎದಿ ಮ್ಯಾಲಿನ ಕಲ್ಲು ಇಳೀತದ. ಇವರೂ ನಾಲ್ಕೈದು ವರ್ಷ ಕಲಿಸ್ಯಾರ, ಸುಳ್ಳೇನದ ಇದರಾಗ?”

“ಸುಳ್ಳಿಲ್ಲಪ್ಪ. ಮಾಸ್ತರು ಕಲಿಸ್ಯಾರ. ಅಕ್ಷರ ದುಂಡಗ ಬರಿಯೂದು ಇವರ ಕೈಯಾಗೇ ಕಲ್ತೀನಿ.” ಹುಡುಗ ಕಾಗದ ಮುಟ್ಟಲಿಲ್ಲ. “ಆದ್ರ ಆ ಗ್ವಾಡಿ ಮ್ಯಾಲೆ ಸರ್ಕಾರಿ ಸಾಲಿಗಿ ಹದಿನಾಲ್ಕು ಅಂತ ಅದ. ನನ್ನ ತಗದ್ರ ಹದಿಮೂರು ಆಗ್ತದ. ಸಾಹೇಬ್ರದೊಂದು ಕಮ್ಮಿ ಮಾಡಿ ನಾ ಹೆಂಗ ಉಣ್ಲಿ?”

“ಹೈದರಾಬಾದಿನಾಗ ಏನ್ ಮಾಡ್ತಿ ಮತ್ತ?” ತಂದೆ ಕೇಳಿದ.

“ಸಣ್ಣ ಪೋರರಿಗಿ ಲೆಕ್ಕ ಹೇಳ್ಕೊಡ್ತೀನಿ. ಯಾರರ ಒಬ್ರು ಪಡಸಾಲಿ ಕೊಡ್ತಾರ. ಕೊಡಲಿಲ್ಲಂದ್ರ ಮಕ್ಕೊಳ್ಳಾಕ ಸ್ಟೇಷನ್ ಅದ.”

ಬಂಡಮ್ಮನ ಕೈ ಈಗ ನಿಂತಿತ್ತು. ಅವಳು ಮಗನನ್ನು ನೋಡಿದ ಬಗೆಯನ್ನು ರಾಘವೇಂದ್ರ ಕಂಡ. ಕಂಡು, ತನ್ನೊಳಗೂ ಅಂಥದೇ ಒಂದು ಹೆಮ್ಮೆ ಏಳುತ್ತಿರುವುದು ತಿಳಿದು ಬೆರಗಾದ. ಸೇರಿಸಿ ಎಣಿಸಿಕೊಳ್ಳಲು ಬರುವ ಹೆಮ್ಮೆಯಾಗಿರಲಿಲ್ಲ ಅದು.

ಅವನು ಮಾಳಿಂಗಪ್ಪನ ಕೈಯಿಂದ ಕಾಗದವನ್ನು ಹಿಂದಕ್ಕೆ ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿದ.

“ಸಹಿ ಬ್ಯಾಡ ಚಂದ್ರಶಾ. ಯಾವ ಕಾಗದನೂ ಬ್ಯಾಡ. ಒಂಬತ್ತು ದಾಖಲೆ ಬರದವ ನಾನು, ಇಪ್ಪತ್ತಕ್ಕ ಹನ್ನೊಂದು ಅಂತ ರಾಯರಿಗೆ ನಾನೇ ಹೇಳ್ತೀನಿ. ನಿಲಯದ ಊಟ, ವಸತಿ ಸುಮ್ನ ತಗೋ. ನನ್ನ ಮಾತಿಗರ ತಗೋ.”

ಚಂದ್ರಶಾ ಬಾಗಿ ಮಾಸ್ತರರ ಪಾದ ಮುಟ್ಟಿದ. ಎದ್ದು ನೇರವಾಗಿ ನಿಂತ.

“ಬ್ಯಾಡ್ರಿ ಮಾಸ್ತರ. ಒಂಬತ್ತು ಮಂದಿನ ಹೊರಗ ಕಳಿಸಿದ ಸಾಲಿಯ ಊಟ ನಾನೊಬ್ಬನೇ ತಗೊಳ್ಳಂಗಿಲ್ಲ.”